ಮೇಲಿನ ಊರಿನ ಕಟ್ಟೆ, ಕೆಳಗಿನ ಊರಿನ ಕೆರೆ

ನಾನು ಹುಟ್ಟಿದ ಊರು ಹಳ್ಳದ ಕೆಳಗಿದೆ, ಮದುವೆಯಾಗಿ ಬಂದ ಊರು ಅದೇ ಹಳ್ಳದ ಮೇಲಿದೆ. ಬ್ರಹ್ಮಗಿರಿಯ ಸಾಲಿಗೆ ಸೇರಿದ ಬಂಡೆಗುಡ್ಡಗಳಲ್ಲಿ ಹುಟ್ಟುವ ಈ ಹಳ್ಳ ಮೊದಲು ನನ್ನ ಗಂಡನ ಊರಿನ ಹೊಲಗಳ ನಡುವೆ ಇಳಿಯುತ್ತದೆ. ಆಮೇಲೆ ಜಾಲಿ, ತಂಗಡಿ ಬೆಳೆದ ಕಾವಲನ್ನು ದಾಟಿ ನನ್ನ ತವರಿನ ಕೆರೆಗೆ ಸೇರುತ್ತದೆ. ನಡೆದೇ ಹೋಗುವುದಾದರೆ ಬೆಳಗ್ಗೆ ರೊಟ್ಟಿ ತಿಂದು ಹೊರಟವರು ಬಿಸಿಲೇರುವ ಮೊದಲು ಮುಟ್ಟಬಹುದು. ಬಸ್ಸಿನಲ್ಲಿ ಹೋಗಬೇಕೆಂದರೆ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ಬಸ್ಸು ಹಿಡಿದು ಸುತ್ತಿಕೊಂಡು ಬರಬೇಕು. ನನ್ನ ಮದುವೆಯ ಮಾತು ನಡೆದಾಗ ಅಪ್ಪ ಬಂದವರಿಗೆಲ್ಲ, ಹಳ್ಳ ಹಿಡಿದು ಹೋದರೆ ಮಗಳ ಮನೆ ಸಿಗುತ್ತದೆ ಎಂದು ಹೇಳುತ್ತಿದ್ದನಂತೆ. ಹಳ್ಳ ಹಿಡಿಯುವುದು ಎಂದರೆ ಹಾಳಾಗುವುದು ಎಂದೇ ಜನ ಆಡಿಕೊಳ್ಳುವ ಮಾತು. ಮದುವೆ ಮನೆಯಲ್ಲಿ ಅಂಥ ಮಾತಾಡುತ್ತಾರಾ ಎಂದು ಅವ್ವ ಬಯ್ದ ಮೇಲೆ ಅಪ್ಪ ಅದನ್ನು ಬಿಟ್ಟ.

ಅಪ್ಪ ಊರ ಕೆರೆಯ ನೀರಗಂಟಿಯಾಗಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕು ಎಂದು ನೋಡಿ ಬಿಡುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಅದು ಅಣ್ಣನ ಪಾಲಿಗೆ ಬಂತು. ಕೆರೆ ತುಂಬಿದ ವರ್ಷ ಭತ್ತ, ಅರ್ಧ ಬಂದ ವರ್ಷ ರಾಗಿ, ಏನೂ ಬಾರದ ವರ್ಷ ಕೆರೆಯಂಗಳದಲ್ಲೇ ಸೌತೆ, ಕುಂಬಳದ ಬಳ್ಳಿ. ಮಳೆಗಾಲದಲ್ಲಿ ಗುಡ್ಡದ ಕಡೆ ಮೋಡ ಕಟ್ಟಿತೆಂದರೆ ಅಪ್ಪ ಉಣ್ಣುತ್ತಿದ್ದವನು ಎದ್ದು ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದ. ಅವನ ಹಿಂದೆ ನಾವೂ ಓಡುತ್ತಿದ್ದೆವು. ಗುಡ್ಡದಿಂದ ನೀರು ಬರುತ್ತದೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಗುಡ್ಡದ ಬುಡದಲ್ಲಿ ಒಂದು ಊರಿದೆ, ಅಲ್ಲಿನವರೂ ನೀರು ಕುಡಿದೇ ಬದುಕಬೇಕು ಎಂಬ ಯೋಚನೆ ನನಗೆ ಒಂದು ದಿನವೂ ಬಂದಿರಲಿಲ್ಲ.

ಗಂಡನ ಮನೆಯಲ್ಲಿ ತೆಲುಗು. ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಬಾಗಿಲು ದಾಟಿ ಒಳಗೆ ಬಂದರೆ ತೆಲುಗು. ಮೊದಲ ವರ್ಷ ನನಗೆ ಅರ್ಧ ಮಾತು ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಅಮ್ಮಾಯಿ’ ಎನ್ನುತ್ತಿದ್ದರು, ಹುಡುಗಿ ಎಂದ ಹಾಗೆ. ಮೂರು ಮಕ್ಕಳಾದ ಮೇಲೂ ಅಮ್ಮಾಯಿಯೇ.

ಆ ಊರಿಗೆ ಕೆರೆಯಿಲ್ಲ. ಹೊಲಗಳೆಲ್ಲ ಗುಡ್ಡದ ಇಳಿಜಾರಿನಲ್ಲಿ. ಶೇಂಗಾ, ಸಜ್ಜೆ, ನವಣೆ, ಮಳೆ ಹಿಂದಾದರೆ ಹುರುಳಿ. ಸೇದುವ ಬಾವಿ ಸಂಕ್ರಾಂತಿ ಕಳೆಯುತ್ತಲೇ ತಳ ಕಾಣುತ್ತಿತ್ತು. ಅಲ್ಲಿಂದ ಮುಂದೆ ಹೆಂಗಸರೆಲ್ಲ ಹಳ್ಳದ ಮರಳಿನಲ್ಲಿ ಒರತೆ ತೋಡುತ್ತಿದ್ದರು. ತೋಡಿದ ಗುಂಡಿಯ ತಳದಲ್ಲಿ ನೀರು ಸಣ್ಣಗೆ ಊರುತ್ತದೆ. ಅದನ್ನು ಕಲಕದ ಹಾಗೆ ಚಿಪ್ಪಿನಲ್ಲಿ ಎತ್ತಿ ಕೊಡಕ್ಕೆ ಹಾಕಿ, ಮತ್ತೆ ಊರುವವರೆಗೆ ಕೂತಿರಬೇಕು. ಕೆರೆಯಲ್ಲಿ ಕೊಡ ಮುಳುಗಿಸಿ ಎತ್ತಿ ಅಭ್ಯಾಸವಾಗಿದ್ದ ನನಗೆ ಕೂರುವುದೇ ಕಷ್ಟವಾಗುತ್ತಿತ್ತು. ಅವಸರಕ್ಕೆ ಚಿಪ್ಪು ಒತ್ತಿ ಕೆಸರೆಬ್ಬಿಸುತ್ತಿದ್ದೆ. ಪಕ್ಕದ ಒರತೆಯವರು ನಗುತ್ತಿದ್ದರು. ಅತ್ತೆ ಬಯ್ಯಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ ಕೂತು, ನಾನು ಹಾಕಿಕೊಂಡ ಎಲೆ ಜಗಿದು ಮುಗಿಯೋವರೆಗೆ ಒರತೆ ಮುಟ್ಟಬೇಡ ಎಂದು ಹೇಳಿದರು. ಹಾಗೆ ಕಲಿತೆ.

ಜಲಾನಯನದ ಯೋಜನೆ ನಮ್ಮ ಊರಿಗೆ ಬಂದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮೊದಲ ಮಗು ಆಗಷ್ಟೇ ನಡೆಯಲು ಕಲಿತಿತ್ತು. ಜಲಾನಯನ ಎಂಬ ಮಾತು ಊರಿನ ನಾಲಿಗೆಗೆ ಹೊರಳಲಿಲ್ಲ, ‘ಬದುವಿನ ಕೆಲಸ’ ಎಂದುಬಿಟ್ಟರು. ಚಳ್ಳಕೆರೆಯಿಂದ ಒಬ್ಬ ಇಂಜಿನಿಯರು ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಜನರನ್ನು ಸೇರಿಸಿ ಮಾತಾಡಿಸಲು ತಳುಕಿನಿಂದ ಒಬ್ಬರು ಮೇಡಂ ಬಸ್ಸಿನಲ್ಲಿ ಬರುತ್ತಿದ್ದರು. ಬಿದ್ದ ಮಳೆಯನ್ನು ಬಿದ್ದಲ್ಲೇ ಆದಷ್ಟು ನಿಲ್ಲಿಸಬೇಕು, ಅದಕ್ಕೆ ಏನೇನು ಮಾಡಬೇಕು ಎಂದು ಊರಿನವರೇ ಕೂತು ತೀರ್ಮಾನಿಸಬೇಕು ಎಂದು ಅವರು ಹೇಳಿದರು. ಅದಕ್ಕೊಂದು ಸಮಿತಿಯಾಯಿತು. ಸಮಿತಿಯಲ್ಲಿ ಹೆಂಗಸರೂ ಇರಲೇಬೇಕು ಎಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಊರಿನಲ್ಲಿ ಆಗ ನಾನೊಬ್ಬಳೇ. ಅತ್ತೆಯನ್ನು ಕೇಳಿ ಎಂದೆ. ಅತ್ತೆ, ಓದಿದ್ದು ಒಲೆಗೆ ಹಾಕೋಕಾ, ಹೋಗಲಿ ಎಂದರು. ಸಭೆಯ ದಿನ ನನ್ನ ಗಂಡ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋದರು, ನನಗೆ ಅಷ್ಟೇ ಬೇಕಿತ್ತು.

ಆ ಮಳೆಗಾಲದ ಕೊನೆಯಲ್ಲಿ ನಾವು ಗುಡ್ಡವನ್ನೆಲ್ಲ ತಿರುಗಿದೆವು. ಎಲ್ಲಿ ಕಲ್ಲಿನ ಬದು, ಎಲ್ಲಿ ಇಳಿಜಾರಿಗೆ ಅಡ್ಡ ಕಾಲುವೆ, ಯಾವ ಹೊಲದ ಅಂಚಿನಲ್ಲಿ ಗಿಡ ಎಂದು ಒಂದೊಂದನ್ನೂ ನಿಂತು ನೋಡಿ ಗುರುತು ಹಾಕಿದ್ದಾಯಿತು. ಎಲ್ಲಕ್ಕಿಂತ ದೊಡ್ಡದು ಹಳ್ಳಕ್ಕೆ ಹಾಕುವ ಕಟ್ಟೆ. ಊರಿನ ಮೇಲ್ಗಡೆ ಎರಡು ಬಂಡೆಗಳ ನಡುವೆ ಹಳ್ಳ ಕಿರಿದಾಗುತ್ತದೆ. ಅಲ್ಲಿ ಆಳೆತ್ತರಕ್ಕೂ ಮೇಲೆ ಕಟ್ಟಿದರೆ ನೀರು ಹಿಂದಕ್ಕೆ ಹರಡಿಕೊಂಡು ನಿಲ್ಲುತ್ತದೆ, ಬಾವಿಗೆ ಒಸರು ಬರುತ್ತದೆ ಎಂದು ಇಂಜಿನಿಯರು ಹೇಳಿದರು. ಆ ಮಾತಿಗೆ ಹೆಂಗಸರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡೆವು. ಬೇಸಿಗೆಯಲ್ಲಿ ಬಾವಿಯಿಂದ ನೀರು ಸೇದುವುದು ಹೇಗಿರುತ್ತದೆ ಎಂದು ನಾನು ಆ ದಿನವೆಲ್ಲ ಯೋಚಿಸಿದೆ.

ದೀಪಾವಳಿಗೆ ತವರಿಗೆ ಹೋದಾಗ ಆ ಖುಷಿಯನ್ನು ಜೊತೆಗೇ ಕೊಂಡೊಯ್ದೆ. ಅಣ್ಣ ಊಟಕ್ಕೆ ಕೂತಿದ್ದ, ಅವ್ವ ಬಡಿಸುತ್ತಿದ್ದಳು. ನಾನು ಗೋಡೆಗೊರಗಿ ಕೂತು ಕಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಎಲ್ಲಿ ಕಟ್ಟುತ್ತಾರೆ, ಎಷ್ಟೆತ್ತರ, ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲ. ಹೇಳುತ್ತ ಹೋದಂತೆ ಅಣ್ಣನ ಕೈ ತಟ್ಟೆಯಲ್ಲಿ ನಿಧಾನವಾಯಿತು. ಕೊನೆಗೆ ಅವನು ತಲೆಯೆತ್ತಿದ.

“ಮೇಲೆ ಅಷ್ಟು ನಿಲ್ಲಿಸ್ಕಂಡ್ರೆ ಕೆಳಗೆ ಏನು ಬರ್ತೈತೆ ತಂಗಿ?”

ಇಂಜಿನಿಯರು, ಮೇಡಂ, ಸಮಿತಿ, ಊರು, ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೆರೆಯ ನೀರು ಕುಡಿದು ಬೆಳೆದ ನಾನೂ ಕೇಳಿರಲಿಲ್ಲ. ಅಣ್ಣ ಎದ್ದು ಕೈ ತೊಳೆದ. ಹಬ್ಬದ ಉಳಿದ ದಿನಗಳಲ್ಲಿ ಅವನು ನನ್ನೊಡನೆ ಎಂದಿನಂತೆಯೇ ಇದ್ದ, ಆದರೆ ಕಟ್ಟೆಯ ಮಾತು ಮಾತ್ರ ಎತ್ತಲಿಲ್ಲ. ಎತ್ತದೇ ಇದ್ದದ್ದು ನನಗೆ ಹೆಚ್ಚು ದಿಗಿಲು ಹುಟ್ಟಿಸಿತು.

ನಾನು ಗಂಡನ ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ತವರಿನ ಗಂಡಸರು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ತುಂಬಿಕೊಂಡು ಬಂದರು. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಎರಡೂ ಊರಿನವರು ಎದುರು ಬದುರು ನಿಂತರು. ಅವರ ಕಡೆಯಿಂದ ಮುಂದೆ ನಿಂತವನು ಅಣ್ಣ. ನಮ್ಮ ಕಡೆಯಿಂದ ಮುಂದೆ ನಿಂತವರು ನನ್ನ ಗಂಡನ ದೊಡ್ಡಪ್ಪ, ನಾನು ದೊಡ್ಡಮಾವ ಎಂದು ಕರೆಯುವವರು. ಗುಡ್ಡದ ಬುಡದಲ್ಲಿ ಎಲ್ಲಕ್ಕಿಂತ ಮೇಲಿನ ಹೊಲ ಅವರದು. ದನಿ ದೊಡ್ಡದು. ಮನೆಯೊಳಗಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

“ಮಳೆ ಬೀಳೋದು ನಮ್ಮ ಗುಡ್ಡದ ಮ್ಯಾಲೆ. ಅದನ್ನ ಹಿಡ್ಕಣಕೆ ನಿಮ್ಮನ್ನ ಕೇಳ್ಬೇಕಾ?” ಎಂದರು ದೊಡ್ಡಮಾವ.

“ಮಳೆ ನಿಮ್ದೇ ಇರ್ಲಿ. ಹಳ್ಳ ಯಾರ್ದು, ಅದು ಹೇಳ್ರಿ,” ಎಂದ ಅಣ್ಣ.

ಅಲ್ಲಿಂದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನನಗೆ ಆ ಮಾತಿಗಿಂತ ಹೆಚ್ಚು ನೋವಾದದ್ದು ಬೇರೆ. ಅಣ್ಣ ನಮ್ಮ ಮನೆಯ ಮುಂದೆಯೇ ಹಾದು ಹೋಗಿದ್ದ. ಒಳಗೆ ಬಂದಿರಲಿಲ್ಲ, ಮಗುವನ್ನು ಎತ್ತಿಕೊಂಡಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದನ್ನು ಅತ್ತೆ ನೋಡಿದರು. ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ಸೆರಗು ತಲೆಗೆಳೆದುಕೊಂಡು ಹೊರಟರು. ಗಂಡಸರ ನಡುವೆ ಹಾದು ಸೀದಾ ಅಣ್ಣನ ಮುಂದೆ ನಿಂತರು.

“ಮೊದ್ಲು ನೀರು ಕುಡಿ ನಾಯ್ನಾ. ಜಗಳ ಎಲ್ಲಿಗೂ ಓಡಿ ಹೋಗಲ್ಲ.”

ನಾಯ್ನಾ ಎಂದರೆ ಅಪ್ಪಾ ಎಂದು ಅಕ್ಕರೆಯಿಂದ ಕರೆದ ಹಾಗೆ. ಅಣ್ಣ ತಂಬಿಗೆ ತೆಗೆದುಕೊಂಡ. ಅವನು ಕುಡಿಯುವವರೆಗೆ ಎಲ್ಲರೂ ಸುಮ್ಮನಿರಬೇಕಾಯಿತು. ಆಮೇಲೂ ಜಗಳ ಮುಂದುವರಿಯಿತು, ಆದರೆ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಲಿಲ್ಲ. ಕಟ್ಟೆ ಕಟ್ಟಲು ಬಿಡುವುದಿಲ್ಲ ಎಂದು ಹೇಳಿ ಅವರು ಟ್ರ್ಯಾಕ್ಟರ್ ಹತ್ತಿದರು. ಕಟ್ಟೇ ಕಟ್ಟುತ್ತೇವೆ ಎಂದು ಇವರು ಹೇಳಿ ಕಳಿಸಿದರು.

ಒಂದು ವಾರ ಬಾವಿಯ ಹತ್ತಿರ ನನ್ನೊಡನೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಸುದ್ದಿ ಕೆಳಗೆ ಹೇಗೆ ಮುಟ್ಟಿತು ಎಂದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಬಂದು ಗಂಡನ ಮುಂದೆ ಅತ್ತುಬಿಟ್ಟೆ. ಅವರು ಎತ್ತಿನ ಹಗ್ಗ ಹೊಸೆಯುತ್ತಿದ್ದರು. “ನೀನು ಹೇಳದಿದ್ರೂ ಗೊತ್ತಾಗ್ತಿತ್ತು ಬಿಡು. ನೀರು ಬರದಿದ್ರೆ ಅವ್ರು ಕೇಳ್ಕಂಡು ಬರ್ತಿರ್ಲಿಲ್ವಾ? ಕಟ್ಟಿದ ಮೇಲೆ ಬರೋದಕ್ಕಿಂತ ಕಟ್ಟೋಕೆ ಮುಂಚೆ ಬಂದಿದ್ದೇ ಒಳ್ಳೇದಾತು,” ಎಂದರು. ಅವರು ಅಷ್ಟು ಉದ್ದಕ್ಕೆ ಮಾತಾಡುವವರಲ್ಲ.

ಮುಂದಿನ ಸಭೆಯಲ್ಲಿ ಇಂಜಿನಿಯರು ತಮ್ಮ ತೊಂದರೆ ಹೇಳಿಕೊಂಡರು. ಕೆಳಗಿನ ಊರು ಯೋಜನೆಯ ಮುಂದಿನ ಹಂತದಲ್ಲಿ ಬರುತ್ತದೆ, ಈಗ ಅವರನ್ನು ಕೇಳಬೇಕೆಂದು ತಮಗೆ ಯಾರೂ ಹೇಳಿಲ್ಲ ಎಂದರು. ಗುಡ್ಡದಿಂದ ಕೆರೆಯವರೆಗೆ ನೀರು ಒಂದೇ ಎಂದು ನಾವೇ ಪಾಠ ಹೇಳುತ್ತೇವೆ, ಮಾತಾಡುವಾಗ ಮಾತ್ರ ಊರೂರು ಬೇರೆ ಮಾಡುತ್ತೇವೆ ಎಂದು ಮೇಡಂ ಬೇಸರಪಟ್ಟುಕೊಂಡರು. ನಾನು ಆವರೆಗೆ ಸಭೆಯಲ್ಲಿ ಕೇಳಿದ್ದಕ್ಕೆ ಹೂಂ ಎಂದಿದ್ದೇ ಹೆಚ್ಚು. ಆ ದಿನ ಮಾತ್ರ, ಕೆಳಗಿನವರು ನಮ್ಮ ಗುಡ್ಡ ಹತ್ತಿ ನೋಡಿಲ್ಲ, ನೀವು ಯಾರೂ ಆ ಕೆರೆಯ ಏರಿಯ ಮೇಲೆ ನಿಂತಿಲ್ಲ, ಎರಡೂ ಊರಿನವರು ಒಂದು ದಿನ ಗುಡ್ಡದ ತಲೆಯಿಂದ ಕೆರೆಯವರೆಗೆ ಜೊತೆಯಲ್ಲಿ ನಡೆದು ಬರೋಣ ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ದೊಡ್ಡಮಾವ ನಕ್ಕರು. ಅವರನ್ನು ಕರೆಯುವವರು ಯಾರು, ನಾನಂತೂ ಹೋಗಲ್ಲ ಎಂದರು. ನಾನು ಹೋಗುತ್ತೇನೆ ಎಂದೆ.

ಮನೆಯಲ್ಲಿ ವಿಷಯ ಕೇಳಿ ಅತ್ತೆ, ಕರೆಯೋಕೆ ಹೋಗುವಾಗ ಮನೆಯ ಹಿರಿಯರು ಇರಬೇಕು, ನಾನೂ ಬರ್ತೀನಿ ಎಂದರು. ಬಸ್ಸಿನಲ್ಲಿ ಅವರಿಗೆ ವಾಂತಿಯಾಗುತ್ತದೆ. ಹಾಗಾಗಿ ಇಬ್ಬರೂ ಹಳ್ಳದ ದಾರಿಯಲ್ಲೇ ನಡೆದೆವು. ದಾರಿಯಲ್ಲಿ ಅವರು ತಮ್ಮ ಮದುವೆಯ ಕಾಲದ ಸಂಗತಿಗಳನ್ನು ಹೇಳಿದರು. ಆಗ ಗುಡ್ಡದ ಮೇಲೆ ಕಮರದ ಮರಗಳು ದಟ್ಟವಾಗಿದ್ದುವಂತೆ, ಹಳ್ಳದಲ್ಲಿ ಶಿವರಾತ್ರಿಯವರೆಗೂ ಕಾಲು ನೆನೆಯುವಷ್ಟು ನೀರಿರುತ್ತಿತ್ತಂತೆ. ಆ ಮರಗಳನ್ನು ಯಾರು ಕಡಿದರು ಎಂದು ಕೇಳಿದೆ. ನಾವೇ, ಇನ್ಯಾರು, ಸೌದೆ ಎಲ್ಲಿಂದ ಬರಬೇಕಿತ್ತು ಎಂದರು.

ಅವ್ವ ಬೀಗಿತ್ತಿಯನ್ನು ನೋಡಿ ಗಾಬರಿಯಾದಳು. ಏನೋ ಕೆಟ್ಟ ಸುದ್ದಿಯೇ ಎಂದು ಮೊದಲು ನನ್ನ ಮುಖ, ಆಮೇಲೆ ನನ್ನ ಹಿಂದೆ ಮಗುವಿದೆಯೇ ಎಂದು ನೋಡಿದಳು. ಅತ್ತೆ ‘ವದಿನಾ’ ಎಂದು, ಅತ್ತಿಗೆಯನ್ನು ಕರೆದ ಹಾಗೆ ಕರೆದು, ಅವಳ ಕೈ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಒಬ್ಬರದು ಕನ್ನಡ, ಒಬ್ಬರದು ತೆಲುಗು ಬೆರೆತ ಕನ್ನಡ. ಕಾಲು ನೋವಿನಿಂದ ಶುರುವಾದ ಮಾತು ಸೊಸೆಯಂದಿರ ಅಡುಗೆಯವರೆಗೆ ಹೋಗಿ ಬಂತು. ಅಷ್ಟು ಹೊತ್ತಿಗೆ ಅಣ್ಣ ಗದ್ದೆಯಿಂದ ಬಂದ. ಅತ್ತೆ ಎದ್ದು ನಿಂತು, ಮದುವೆಗೆ ಕರೆದ ಹಾಗೆ ಕುಂಕುಮದ ಭರಣಿ ತೆಗೆದು ಕರೆದರು. ಗುಡ್ಡ ನೋಡೋಕೆ ಬರಬೇಕು, ಊರಿನವರನ್ನೆಲ್ಲ ಕರೆದುಕೊಂಡು ಬರಬೇಕು ಎಂದರು. ಅಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತ. ನೋಡಿ ಏನಾಗಬೇಕು, ಕಟ್ಟೋದು ಕಟ್ಟೇ ಕಟ್ತೀರಿ ಎಂದ. ಆಗ ಅವ್ವ ಒಳಗಿಂದ ಬಂದಳು.

“ಕರೆಯೋಕೆ ಬಂದೋರನ್ನ ಹಿಂಗೇ ಕಳಿಸಿದ್ರೆ ನಾಳೆ ನನ್ ಮಗಳು ಅಲ್ಲಿ ಯಾವ ಮುಖ ಇಟ್ಕಂಡು ಬಾಳ್ಬೇಕು? ಹೋಗಿ ನೋಡ್ಕಂಡು ಬಾ. ನೋಡಿದ್ರೆ ಕೆರೆ ಬತ್ತಿ ಹೋಗಲ್ಲ.”

ಮಾಘ ಮಾಸದ ಒಂದು ಬೆಳಗ್ಗೆ ಎರಡೂ ಊರಿನವರು ಗುಡ್ಡದ ತಲೆಯ ಮೇಲೆ ಸೇರಿದೆವು. ಅವರ ಕಡೆಯಿಂದ ಗಂಡಸರು ಮಾತ್ರ ಬಂದಿದ್ದರು. ನಮ್ಮ ಕಡೆ ಹೆಂಗಸರೂ ಇದ್ದೆವು, ಬುತ್ತಿ ಕಟ್ಟಿಕೊಂಡಿದ್ದೆವು. ಇಂಜಿನಿಯರು, ಮೇಡಂ ಇಬ್ಬರೂ ಬಂದಿದ್ದರು. ಎರಡು ಗುಂಪೂ ಸ್ವಲ್ಪ ದೂರ ಬಿಟ್ಟೇ ನಡೆಯುತ್ತಿದ್ದವು. ಮೇಲಿನಿಂದ ನೋಡಿದರೆ ನಮ್ಮ ಹೊಲಗಳು, ಕಾವಲು, ತುದಿಯಲ್ಲಿ ಕೆರೆಯ ಒಂದು ಬೆಳ್ಳನೆಯ ಗೆರೆ. ಕೆಳಗಿನ ಊರಿನ ಒಬ್ಬರು, ಇಷ್ಟು ಹತ್ತಿರವಾ ಎಂದರು.

ಅಲ್ಲಿಂದ ಇಳಿಯತೊಡಗಿದೆವು. ಗುಡ್ಡದ ಮೈ ಬರಿ ಕಲ್ಲು. ದೊಡ್ಡಮಾವನ ಹೊಲದ ನಡುವೆ ಮಳೆನೀರು ಕೊರೆದ ಕೊರಕಲು ಆಳೆತ್ತರ ಇಳಿದಿತ್ತು. ಅದರ ಗೋಡೆಯಲ್ಲಿ ಮೇಲೆ ಒಂದು ಗೇಣು ಕೆಂಪು ಮಣ್ಣು, ಅದರ ಕೆಳಗೆ ಗರಸು. ಮೊದಲು ಇಲ್ಲಿ ಕುಂಟೆ ಹೊಡೀತಿದ್ದೆ, ಈಗ ಎತ್ತು ದಾಟಲ್ಲ ಎಂದರು ದೊಡ್ಡಮಾವ. ಯಾರಿಗೆ ಹೇಳಿದರೋ ಗೊತ್ತಿಲ್ಲ, ಕೆಳಗಿನ ಊರಿನವರೇ ಪಕ್ಕದಲ್ಲಿದ್ದರು.

ಊರಿನ ಹತ್ತಿರ ಹಳ್ಳಕ್ಕೆ ಇಳಿದಾಗ ಅಲ್ಲಿ ಒರತೆಗಳ ಸುತ್ತ ಹೆಂಗಸರು ಕೊಡ ಇಟ್ಟುಕೊಂಡು ಕೂತಿದ್ದರು. ಅಷ್ಟೊತ್ತಿಗೆ ಬಾವಿ ಬತ್ತಿತ್ತು. ಅಣ್ಣ ಅಲ್ಲಿ ನಿಂತುಬಿಟ್ಟ. ಒಬ್ಬಳು ಮುದುಕಿ ಚಿಪ್ಪಿನಿಂದ ನೀರೆತ್ತಿ ಹಾಕುವುದನ್ನು, ಮತ್ತೆ ಕಾಯುವುದನ್ನು, ಮತ್ತೆ ಎತ್ತುವುದನ್ನು ನೋಡಿದ. ಉಳಿದವರು ಮುಂದೆ ಹೋದರು.

“ನೀನೂ ಹಿಂಗೇ ತರೋದಾ?” ಎಂದು ಕೇಳಿದ.

ಹೂಂ ಅಣ್ಣ ಎಂದೆ.

“ಇಷ್ಟು ವರ್ಷ ಆತು, ಒಂದಿನನೂ ಹೇಳ್ಲಿಲ್ವಲ್ಲ ನೀನು.”

ಗಂಡನ ಮನೆಯ ಕೊರತೆಯನ್ನು ತವರಿಗೆ ಒಯ್ಯಬಾರದು ಎಂದು ಅವ್ವನೇ ಹೇಳಿ ಕಳಿಸಿದ್ದಳು. ಅದನ್ನು ಅವನಿಗೆ ಹೇಳಲಿಲ್ಲ. ಕೆರೆಯ ಊರಿನಲ್ಲಿ ಕೂತು ಒರತೆಯ ಕಥೆ ಹೇಳಿದರೆ ಯಾರಿಗೆ ತಿಳಿಯುತ್ತದೆ ಎಂದೂ ನನಗನಿಸಿತ್ತು. ಅಣ್ಣ ಬಗ್ಗಿ, ಮುದುಕಿಯ ತುಂಬಿದ ಕೊಡವನ್ನು ಎತ್ತಿ ಅವಳ ತಲೆಯ ಮೇಲಿಟ್ಟ. ಆಮೇಲೆ ನಾವಿಬ್ಬರೂ ಗುಂಪನ್ನು ಸೇರಿಕೊಳ್ಳಲು ಬಿರಬಿರನೆ ನಡೆದೆವು. ಅವನು ನನ್ನ ಬುತ್ತಿಯ ಗಂಟನ್ನು ಇಸಿದುಕೊಂಡ.

ಕೆರೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಈಗ ನೋಡುವ ಸರದಿ ಮೇಲಿನ ಊರಿನವರದು. ದೂರದಿಂದ ದೊಡ್ಡದಾಗಿ ಕಾಣುತ್ತಿದ್ದ ಕೆರೆಯಲ್ಲಿ ನೀರಿದ್ದದ್ದು ಏರಿಯ ಬುಡದಲ್ಲಿ ಒಂದಿಷ್ಟು. ಉಳಿದ ಅಂಗಳವೆಲ್ಲ ಹೂಳು. ಬಳ್ಳಾರಿ ಜಾಲಿ ಬೆಳೆದು ನಿಂತಿತ್ತು. ತೂಬಿನ ಬಾಯಿ ಅರ್ಧ ಮುಚ್ಚಿತ್ತು. ನಮ್ಮ ಅಪ್ಪನ ಕಾಲದಲ್ಲಿ ಆ ತೂಬಿನ ಕಂಬದ ಬುಡದಲ್ಲಿ ಮುಳುಗು ಹಾಕುತ್ತಿದ್ದೆವು ಎಂದು ಅಣ್ಣ ತೋರಿಸಿದ. ಈಗ ಅಲ್ಲಿ ಕುರಿಗಳು ನಿಂತಿದ್ದವು.

ದೊಡ್ಡಮಾವ ಎಲ್ಲರಿಗಿಂತ ಮುಂದೆ ಅಂಗಳಕ್ಕೆ ಇಳಿದು ಹೋದರು. ಬಿರುಕು ಬಿಟ್ಟ ಹೆಂಟೆಯೊಂದನ್ನು ಎತ್ತಿ ಕೈಯಲ್ಲೇ ಒಡೆದರು. ಒಳಗೆ ಕೆಂಪಗಿತ್ತು. ಬೆರಳಲ್ಲಿ ಉಜ್ಜಿದರು, ಮೂಸಿದರು. ಅವರ ದೊಡ್ಡ ದನಿ ಆ ಹೊತ್ತು ಸಣ್ಣಗಾಗಿತ್ತು.

“ಇದು ನನ್ ಹೊಲ ಕಣ್ರಿ.”

ಯಾರೂ ನಗಲಿಲ್ಲ. ಕೆಳಗಿನ ಊರಿನವರಿಗೆ ಆ ಮಣ್ಣು ಕೆರೆಯನ್ನು ತಿಂದ ಹೂಳು. ದೊಡ್ಡಮಾವನಿಗೆ ಅದು ಕೊಚ್ಚಿಹೋದ ಹೊಲ.

ಏರಿಯ ಮೇಲಿನ ಹುಣಸೆ ಮರದ ಕೆಳಗೆ ಕೂತೆವು. ತವರಿನ ಹೆಂಗಸರು ಮುದ್ದೆ, ಹುರುಳಿ ಸಾರು ತಂದಿದ್ದರು. ನಮ್ಮ ಬುತ್ತಿಯ ಸಜ್ಜೆ ರೊಟ್ಟಿಯೂ ಎಲ್ಲರಿಗೂ ಹಂಚಿಕೆಯಾಯಿತು. ಉಂಡ ಮೇಲೆ ಮಾತು ಶುರುವಾಯಿತು. ಈ ಸಲ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ಗುಡ್ಡದ ಮೇಲಿನ ಬದು, ಕಾಲುವೆಗಳಿಗೆ ಕೆಳಗಿನವರ ತಕರಾರಿರಲಿಲ್ಲ. ಮಣ್ಣು ಅಲ್ಲೇ ನಿಂತರೆ ಕೆರೆಗೆ ಹೂಳು ಕಡಿಮೆ. ತಕರಾರಿದ್ದದ್ದು ಕಟ್ಟೆಗೆ. ಕಟ್ಟೆಯ ಬುಡದಲ್ಲಿ ಒಂದು ತೂಬು ಇಡಿ, ಬೇಕಾದಾಗ ಬಿಡಬಹುದು ಎಂದ ಅಣ್ಣ. ಅದನ್ನು ಎತ್ತುವವರು ಯಾರು, ದಿನಾ ಅದಕ್ಕೇ ಜಗಳವಾಗುತ್ತದೆ ಎಂದು ಇಂಜಿನಿಯರು ಒಪ್ಪಲಿಲ್ಲ. ಅದರ ಬದಲು ಕಟ್ಟೆಯನ್ನೇ ತಗ್ಗಿಸೋಣ, ಹೆಚ್ಚಾದ ನೀರು ಹೊರಬೀಳುವ ಕೋಡಿಯನ್ನು ಅಗಲ ಮಾಡೋಣ, ಸಣ್ಣ ಮಳೆ ಇಲ್ಲಿ ನಿಲ್ಲುತ್ತದೆ, ದೊಡ್ಡ ಮಳೆ ತಾನಾಗಿ ಕೆಳಗೆ ಹೋಗುತ್ತದೆ ಎಂದರು. ಎಷ್ಟು ತಗ್ಗಿಸಬೇಕು ಎಂಬುದಕ್ಕೆ ಬಹಳ ಹೊತ್ತು ಹಿಡಿಯಿತು. ಇಂಜಿನಿಯರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಕೊನೆಗೆ ನಮ್ಮ ಊರಿನವರು ಒಂದು ಮೊಳ ಇಳಿದರು. ಸಾಲದು ಎಂದು ಕೆಳಗಿನ ಕೆಲವರು ಗೊಣಗಿದರು, ಹೆಚ್ಚಾಯಿತು ಎಂದು ಮೇಲಿನ ಕೆಲವರು ಗೊಣಗಿದರು. ಅಲ್ಲಿಗೆ ಅದು ನಿಂತಿತು.

ಹೂಳಿನ ಮಾತು ಎತ್ತಿದ್ದು ಮೇಡಂ. ಬೇಸಿಗೆಯಲ್ಲಿ ಕೆರೆಯ ಮಣ್ಣು ತೆಗೆದು ಮೇಲಿನ ಹೊಲಗಳಿಗೆ ಹಾಕಿದರೆ ಹೇಗೆ ಎಂದರು. ತೆಗೆಯುವುದು ಕೆಳಗಿನವರು, ಹೊರುವುದು ಮೇಲಿನವರು ಎಂದು ಮಾತಾಯಿತು.

ಆ ಬೇಸಿಗೆ ಹಳ್ಳದ ದಾರಿಯಲ್ಲಿ ಓಡಾಡಿದಷ್ಟು ಗಾಡಿಗಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಎತ್ತಿನ ಗಾಡಿಗಳು, ಎರಡು ಟ್ರ್ಯಾಕ್ಟರು. ತವರಿನ ಹುಡುಗರು ಮಣ್ಣು ತುಂಬುತ್ತಿದ್ದರು, ನಮ್ಮ ಊರಿನವರು ಒಯ್ದು ಹೊಲದಲ್ಲಿ ಸುರಿಯುತ್ತಿದ್ದರು. ದೊಡ್ಡಮಾವ ತಮ್ಮ ಮಣ್ಣಿನ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗುಡ್ಡದ ಮೇಲೆ ಬದುವಿನ ಕೆಲಸವೂ ನಡೆಯಿತು. ಎಲ್ಲರೂ ಒಪ್ಪಿದರೆಂದಲ್ಲ. ಒಂದು ಮನೆಯವರು ತಮ್ಮ ಹೊಲದಲ್ಲಿ ಕಾಲುವೆ ತೆಗೆಯಲು ಬಿಡಲೇ ಇಲ್ಲ. ಜಾಗ ಹೋಗುತ್ತದೆ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿ ಈಗಲೂ ಜೋರು ಮಳೆಗೆ ನೀರು ಒಡೆದು ಕೆಳಗಿನ ಬದುವನ್ನು ಕೆಡಿಸುತ್ತದೆ.

ಕಟ್ಟೆ ಮುಗಿದ ವರ್ಷ ಮಳೆಯೇ ಸರಿಯಾಗಿ ಆಗಲಿಲ್ಲ. ಕಟ್ಟೆಗೂ ಬರಲಿಲ್ಲ, ಕೆರೆಗೂ ಬರಲಿಲ್ಲ. ಹಾಗಾಗಿ ಯಾರೂ ಯಾರನ್ನೂ ಬಯ್ಯುವಂತಿರಲಿಲ್ಲ. ಮರುವರ್ಷ ಚಿತ್ತೆ ಮಳೆ ಹಿಡಿದುಕೊಂಡಿತು. ಬೆಳಗಾಗುವಷ್ಟರಲ್ಲಿ ಕಟ್ಟೆಯ ಹಿಂದೆ ನೀರು ಬಂಡೆಗಳನ್ನು ಮುಚ್ಚಿತ್ತು. ಊರೆಲ್ಲ ಅಲ್ಲಿ ಬಂದು ನಿಂತಿತ್ತು. ನೀರು ಕೋಡಿಯ ಮಟ್ಟಕ್ಕೆ ಬಂದು, ಅಲ್ಲೇ ಸ್ವಲ್ಪ ತಡೆದ ಹಾಗೆ ಮಾಡಿ, ಆಮೇಲೆ ಹೊರಗೆ ಬಿತ್ತು. ಜನ ಹೋ ಎಂದು ಕೂಗಿದರು. ನಾನು ಕೂಗಲಿಲ್ಲ. ಬಿದ್ದ ನೀರು ಎಷ್ಟು ದೂರ ಹೋಗುತ್ತದೆ ಎಂದು ನೋಡುತ್ತಿದ್ದೆ. ಕಾವಲಿನ ತಿರುವಿನಲ್ಲಿ ಹಳ್ಳ ಮರೆಯಾಗುತ್ತದೆ, ಅಲ್ಲಿಂದ ಮುಂದೆ ಕಾಣುವುದಿಲ್ಲ. ನನ್ನ ಗಂಡ ಪಕ್ಕಕ್ಕೆ ಬಂದು ನಿಂತು, ಮುಟ್ಟುತ್ತೆ ಬಿಡು ಎಂದರು.

ಮಳೆ ಬಿಟ್ಟ ಮೇಲೆ ಅಣ್ಣ ಸೈಕಲ್ಲನ್ನು ಕೆಸರಿನಲ್ಲಿ ತಳ್ಳಿಕೊಂಡು ಬಂದ. ಬಂದವನು ಸೀದಾ ಒಳಗೆ ಬಂದು ಮಗುವನ್ನು ಎತ್ತಿಕೊಂಡು ಕೂತ. ಕೆರೆಗೆ ಬಂತಾ ಎಂದು ಕೇಳಿದೆ.

“ಬಂತು. ತಡವಾಗಿ ಬಂತು. ಮೊದ್ಲೆಲ್ಲ ಒಂದೇ ಸಲ ಕೆಂಪಗೆ ನುಗ್ಗೋದು. ಈ ಸಲ ನಿಧಾನಕ್ಕೆ ಬಂತು, ಮಳೆ ನಿಂತ ಮೇಲೂ ಬರ್ತಾನೇ ಐತೆ.”

ಕೆರೆ ಕೋಡಿ ಬಿದ್ದಿರಲಿಲ್ಲ. ತೂಬಿನ ಕಂಬದ ಅರ್ಧಕ್ಕೆ ನಿಂತಿತ್ತು. ಹೂಳು ತೆಗೆದಿದ್ದರಿಂದ ಆ ಅರ್ಧವೇ ಮೊದಲಿನದಕ್ಕಿಂತ ಹೆಚ್ಚು ಎಂದು ಅಣ್ಣ ಹೇಳಿದ. ಕಟ್ಟೆ ಇಲ್ಲದಿದ್ದರೆ ಕೆರೆ ತುಂಬಿ ಹರಿಯುತ್ತಿತ್ತು ಎನ್ನುವವರು ಅವನ ಊರಿನಲ್ಲಿ ಇದ್ದರು, ಈಗಲೂ ಇದ್ದಾರೆ. ಇರಬಹುದು. ಅದನ್ನು ಅಳೆದು ನೋಡುವುದು ಹೇಗೆ ಎಂದು ನನಗೆ ತಿಳಿಯದು. ನಮ್ಮ ಬಾವಿಯಲ್ಲಿ ಮಾತ್ರ ಆ ವರ್ಷ ಯುಗಾದಿಯವರೆಗೂ ನೀರಿತ್ತು. ಅತ್ತೆ ಹಬ್ಬದ ದಿನ ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ನನ್ನನ್ನು ಕರೆದು ಮೊದಲ ಕೊಡ ಸೇದಿಸಿದರು.

ಆಮೇಲಿನ ವರ್ಷಗಳಲ್ಲಿ ಎರಡೂ ಊರಿನಲ್ಲಿ ಬೋರ್‌ವೆಲ್ಲುಗಳು ಬಂದವು. ಕೆಲವು ಹೊಲಗಳಲ್ಲಿ ಹೊಸ ಬೆಳೆ ಬಂತು, ಕೆಲವು ಬೋರುಗಳು ಬರಿದಾದವು. ಜಗಳಗಳೂ ಬೇರೆ ಥರದವಾದವು. ನಾನು ಅಂಗನವಾಡಿ ಕೆಲಸಕ್ಕೆ ಸೇರಿದೆ, ಸಮಿತಿಗೆ ನನ್ನ ಬದಲು ಇನ್ನೊಬ್ಬಳು ಸೊಸೆ ಹೋದಳು. ಆದರೂ ಬೇಸಿಗೆಗೊಮ್ಮೆ ಕಟ್ಟೆಯ ಹೂಳು ತೆಗೆಯುವಾಗ ಕೆಳಗಿನ ಊರಿನಿಂದ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ಕೆರೆಯ ಜಾಲಿ ಕಡಿಯುವಾಗ ಇಲ್ಲಿಂದ ನಾಲ್ಕು ಜನ ಹೋಗುತ್ತಿದ್ದರು. ಒಂದೊಂದು ವರ್ಷ ಯಾರೂ ಹೋಗದೆ ಉಳಿದದ್ದೂ ಇದೆ.

ಕಟ್ಟೆಯಲ್ಲಿ ನೀರು ನಿಲ್ಲತೊಡಗಿದ ಮೇಲೆ ನಮ್ಮ ಹೆಂಗಸರಿಗೆ ಬಟ್ಟೆ ಒಗೆಯಲು ಅದೇ ಜಾಗವಾಯಿತು. ಕೋಡಿಯ ಪಕ್ಕದಲ್ಲೇ ಚಪ್ಪಡಿ ಕಲ್ಲುಗಳನ್ನು ಹಾಕಿಕೊಂಡಿದ್ದೆವು. ಒಂದು ಸಲ ಕೆಳಗಿನಿಂದ ಅಣ್ಣನ ಹೆಂಡತಿ ಹೇಳಿ ಕಳಿಸಿದಳು. ಕೋಡಿ ಹರಿಯುವ ದಿನಗಳಲ್ಲಿ ಹಳ್ಳದಲ್ಲಿ ಸೋಪಿನ ನೊರೆ ಬರುತ್ತಿದೆ, ದನ ಮೂತಿ ಹಾಕುವುದಿಲ್ಲ, ಸ್ವಲ್ಪ ನೋಡಿಕೊಳ್ಳಿ ಎಂದು. ನಮ್ಮ ಹೆಂಗಸರು ಒಂದಷ್ಟು ದಿನ ಗೊಣಗಿದರು. ಇನ್ನು ಬಟ್ಟೆ ಒಗೆಯೋಕೂ ಅವರನ್ನು ಕೇಳಬೇಕಾ ಎಂದರು. ಕೊನೆಗೆ ಒಂದು ಬೆಳಗ್ಗೆ ಎಲ್ಲರೂ ಹೋಗಿ ಚಪ್ಪಡಿಗಳನ್ನು ಹಗ್ಗ ಕಟ್ಟಿ ಎಳೆದು, ಕಟ್ಟೆಯಿಂದ ದೂರ, ಒಗೆದ ನೀರು ಹುಲ್ಲಿಗೆ ಇಂಗುವ ಕಡೆ ಹಾಕಿದೆವು. ಅತ್ತೆಗೆ ಆಗ ನಡೆಯುವುದು ಕಷ್ಟವಾಗಿತ್ತು. ಬಂಡೆಯ ನೆರಳಿನಲ್ಲಿ ಕೂತು, ಆ ಕಲ್ಲು ಇನ್ನೊಂಚೂರು ಎತ್ತರಕ್ಕೆ, ಹೂಂ, ಈಗ ಸರಿ ಎಂದು ಹೇಳುತ್ತಿದ್ದರು. ಕೆಲಸ ಮುಗಿದಾಗ ಎಲ್ಲರ ಸೀರೆಯೂ ಕೆಸರಾಗಿತ್ತು. ಹೊಸ ಜಾಗದಲ್ಲಿ ಮೊದಲು ಒಗೆದದ್ದು ಅವನ್ನೇ.